ಎಡ ಮುಂಗಾಲಿನ ಬಿಸಿ

ಹೇಳಿಕೆಯ ಕಾಗದವನ್ನು ಟ್ರೇನರ್ ಎರಡು ಸಲ ಮೇಜಿನ ಮೇಲೆ ಮುಂದಕ್ಕೆ ತಳ್ಳಿದ. ಎರಡು ಸಲವೂ ಲಾಯದಕ್ಕ ಅದನ್ನು ಮುಟ್ಟಲಿಲ್ಲ. ಬಗ್ಗಿ ಓದಿದಳು, ನೆಟ್ಟಗೆ ನಿಂತಳು, ಅಷ್ಟೇ.

"ಓದಿದ್ಯಲ್ಲ? ಕೆಳಗೊಂದು ಸಹಿ ಹಾಕು, ಹೋಗಿ ನಿನ್ನ ಕೆಲಸ ನೋಡ್ಕೋ," ಅಂದ ಟ್ರೇನರ್.

"ಓದಿದೆ ಸಾರ್. ಅಕ್ಷರ ಎಲ್ಲ ಗೊತ್ತಾಯ್ತು. ಅರ್ಥ ಗೊತ್ತಾಗ್ಲಿಲ್ಲ."

"ಇಪ್ಪತ್ತೆರಡು ವರ್ಷ ಲಾಯದಲ್ಲಿ ಬಿದ್ದಿರೋಳಿಗೆ ಇಷ್ಟು ಅರ್ಥ ಆಗಲ್ವಾ?"

"ಇಪ್ಪತ್ತೆರಡು ವರ್ಷ ಬಿದ್ದಿರೋದಕ್ಕೇ ಆಗ್ತಿಲ್ಲ ಸಾರ್. ಹೊಸಬಳಾಗಿದ್ರೆ ಕಣ್ಣುಮುಚ್ಚಿ ಹಾಕಿಬಿಡ್ತಿದ್ದೆ."

ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಶನಿವಾರದ ರೇಸಿಗೆ ಮುಂಚೆ ಕುದುರೆ 'ಸೌಂಡ್' ಆಗಿತ್ತು. ಅದು ಕುಂಟುತ್ತಿರಲಿಲ್ಲ. ಕೊನೆಯ ಇನ್ನೂರು ಮೀಟರಿನಲ್ಲಿ ಜಾಕಿ ಅದನ್ನು 'ಎಳೆದಳು'.

ರೇಸಿನವರ ಬಾಯಲ್ಲಿ ಸೌಂಡ್ ಅಂದರೆ ಸದ್ದಲ್ಲ. ಕಾಲು, ಉಸಿರು, ಕಣ್ಣು ಮೂರರಲ್ಲೂ ಒಂದಿಷ್ಟೂ ಊನವಿಲ್ಲದ ಕುದುರೆ. ಇನ್ನು ಎಳೆಯುವುದು ಅನ್ನುವ ಮಾತನ್ನು ಲಾಯಗಳಲ್ಲಿ ದನಿ ತಗ್ಗಿಸಿಯೇ ಆಡುತ್ತಾರೆ. ಗೆಲ್ಲಬೇಕಾದ ಕುದುರೆಯನ್ನು ಬೇಕೆಂದೇ ಲಗಾಮು ಬಿಗಿಹಿಡಿದು ಸೋಲಿಸುವ ಕೆಲಸ ಅದು. ಆ ಮಾತು ಒಮ್ಮೆ ಹೆಸರಿಗೆ ಅಂಟಿಕೊಂಡರೆ ಲೈಸೆನ್ಸು ವಾಪಸ್ಸು ಬಂದರೂ ಕುದುರೆ ಕೊಡುವವರು ಯಾರೂ ಇರುವುದಿಲ್ಲ.

"ಪುಟ್ಟಿ ಎಳೀಲಿಲ್ಲ ಸಾರ್," ಅಂದಳು ಲಾಯದಕ್ಕ. "ಹಿಡಿದ್ಲು."

"ಎರಡೂ ಒಂದೇ."

"ಕುದುರೆಗೆ ಎರಡೂ ಬೇರೆ. ಸೋಲ್ಸೋಕೆ ಮಾಡಿದ್ರೆ ಎಳೆದಿದ್ದು. ಕಾಲು ಮುರೀಬಾರ್ದು ಅಂತ ಮಾಡಿದ್ರೆ ಹಿಡಿದಿದ್ದು. ಗುರುವಾರವೇ ನಿಮಗೆ ಹೇಳಿದ್ನಲ್ಲ, ಎಡ ಮುಂಗಾಲು ಬಿಸಿ ಇದೆ ಅಂತ."

ಟ್ರೇನರಿನ ಮುಖ ಗಂಟಿಕ್ಕಿತು. "ಏನು ಹೇಳಿದ್ದೆ? ಎಲ್ಲಿ ಬರೆದಿದೆ?"

ಈಗ ಅದು ಎಲ್ಲೂ ಇರಲಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಬರೆದದ್ದನ್ನು ಅಳಿಸಿದವನು ಅವನೇ.

ಆ ಹೆಣ್ಣುಕುದುರೆಗೆ ರೇಸಿನ ಪುಸ್ತಕದಲ್ಲಿ ಏನೋ ಬೆಳ್ಳಿ, ಮಿಂಚು ಅಂತೆಲ್ಲ ಹೆಸರಿತ್ತು. ಲಾಯದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಸಿಡುಕಿ ಅಂತ. ಹತ್ತಿರ ಹೋದವರನ್ನೆಲ್ಲ ಕಚ್ಚುತ್ತಿತ್ತು. ಮೇವು ಕೊಟ್ಟವರನ್ನು ಮೇವು ಮುಗಿದ ಮೇಲೆ ಕಚ್ಚುತ್ತಿತ್ತು. ಲಾಯದಕ್ಕನ ಎರಡೂ ಭುಜದ ಮೇಲೆ ಅದರ ಹಲ್ಲಿನ ಗುರುತು ಇತ್ತು. ಗುರುವಾರ ಬೆಳಿಗ್ಗೆ ಮೈ ಉಜ್ಜುವಾಗ ಅವಳು ದಿನದಂತೆ ಕೈಯ ಹಿಂಬದಿಯನ್ನು ನಾಲ್ಕೂ ಕಾಲಿನ ಮೇಲೆ ಆಡಿಸಿದ್ದಳು. ಅಂಗೈ ಕೆಲಸ ಮಾಡಿ ಮಾಡಿ ಒರಟಾಗಿರುತ್ತದೆ, ಅದಕ್ಕೆ ಏನೂ ತಿಳಿಯುವುದಿಲ್ಲ. ಕೈಯ ಹಿಂಬದಿಗೆ ತಿಳಿಯುತ್ತದೆ. ಎಡ ಮುಂಗಾಲಿನಲ್ಲಿ, ಮಂಡಿಯ ಕೆಳಗೆ ಹಿಂದಿನ ನರದ ಉದ್ದಕ್ಕೂ, ಆಗ ತಾನೇ ಟೀ ಕುಡಿದಿಟ್ಟ ಲೋಟದಷ್ಟು ಬಿಸಿ. ಊತ ಇಲ್ಲ, ಕುಂಟು ಇಲ್ಲ. ಬಿಸಿ ಮಾತ್ರ. ಬಾಗಿಲ ಪಕ್ಕದ ಸಣ್ಣ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: ಎಡ ಮುಂಗಾಲು ಬಿಸಿ. ಟ್ರೇನರ್ ಬಂದ, ಒಂದು ಕ್ಷಣ ಅಂಗೈ ಇಟ್ಟ, "ಬಿಸಿಲಲ್ಲಿ ಕಟ್ಟಿದ್ರೆ ಬಿಸಿ ಇರದೆ ತಣ್ಣಗಿರುತ್ತಾ?" ಅಂತ ಅದೇ ಅಂಗೈಯಿಂದ ಹಲಗೆ ಒರೆಸಿದ. ಶನಿವಾರ ಕುದುರೆಯ ಮಾಲೀಕ ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬರುವವನಿದ್ದ. ಆ ರೇಸಿಗೆ ಸಿಡುಕಿಯೇ ಫೇವರಿಟ್. ಶುಕ್ರವಾರ ಅವಳು ಮತ್ತೆ ಬರೆದಳು, ಅವನು ಮತ್ತೆ ಒರೆಸಿದ.

ಶನಿವಾರ ನಡೆದದ್ದನ್ನು ಅವಳು ಬೇಲಿಯ ಪಕ್ಕ ಬಕೆಟ್ಟು ಹಿಡಿದು ನಿಂತು ಕಣ್ಣಾರೆ ಕಂಡಿದ್ದಳು. ಸಿಡುಕಿ ಎಲ್ಲರಿಗಿಂತ ಮುಂದಿತ್ತು. ತಿರುವು ದಾಟಿ ನೇರ ದಾರಿಗೆ ಬಂದಾಗ ಓಡುವ ಕುದುರೆ ಮುಂದೆ ಚಾಚುವ ಕಾಲನ್ನು ಬದಲಿಸುತ್ತದೆ. ಸಿಡುಕಿ ಎಡಗಾಲು ಚಾಚಲು ಹೋಯಿತು, ಆಗಲಿಲ್ಲ, ಮತ್ತೆ ಬಲಗಾಲಿಗೇ ಮರಳಿತು. ಲಾಯದಕ್ಕನಿಗೆ ಬೇಲಿಯಿಂದಲೇ ತಿಳಿಯಿತು. ಮೇಲೆ ಕುಳಿತ ಪುಟ್ಟಿಗೂ ಅದೇ ಕ್ಷಣ ತಿಳಿದಿರಬೇಕು. ಚಾಟಿ ಎತ್ತಲಿಲ್ಲ, ಎದ್ದು ಕುಳಿತು, ಲಗಾಮು ಸಾವರಿಸಿ, ಕುದುರೆಯನ್ನು ನಿಧಾನಕ್ಕೆ ತಂದಳು. ಐದು ಕುದುರೆಗಳು ಮುಂದೆ ಹೋದವು. ಕಟ್ಟೆಯ ಮೇಲಿದ್ದ ಜನ ಕೂಗಿದರು, ಉಗಿದರು, ರೇಸಿನ ಪುಸ್ತಕ ಸುರುಳಿ ಸುತ್ತಿ ಎಸೆದರು. ಒಂದು ಬಂದು ಪುಟ್ಟಿಯ ಬೆನ್ನಿಗೇ ಬಿತ್ತು.

ಕುದುರೆಯ ಕಾಲು ಮುರಿಯಲಿಲ್ಲ. ಅದನ್ನು ಯಾರೂ ನೋಡಲಿಲ್ಲ. ಮುರಿಯದ ಕಾಲನ್ನು ಯಾರು ನೋಡುತ್ತಾರೆ?

"ಬುಧವಾರ ವಿಚಾರಣೆ," ಅಂದ ಟ್ರೇನರ್, ಕಾಗದ ಮಡಿಸುತ್ತ. "ಸಹಿ ಹಾಕದಿದ್ರೆ ಅಲ್ಲಿ ಬಂದು ಬಾಯಲ್ಲಿ ಹೇಳ್ಬೇಕಾಗುತ್ತೆ. ಯೋಚನೆ ಮಾಡು. ನಿನ್ನ ಗಂಡ ಕೂಡ ಇಲ್ಲೇ ಲಾಳ ಹೊಡೀತಿರೋದು."

"ಗೊತ್ತು ಸಾರ್. ದಿನಾ ಅವರ ಅಂಗಿ ಒಗೆಯೋಳು ನಾನೇ," ಅಂದು ಅವಳು ಹೊರಗೆ ಬಂದಳು.

ಪುಟ್ಟಿ ಸಿಡುಕಿಯ ಬಾಗಿಲ ಮುಂದೆ ಬಕೆಟ್ಟು ಮಗುಚಿ ಹಾಕಿಕೊಂಡು ಕುಳಿತಿದ್ದಳು. ಇಪ್ಪತ್ತೆರಡರ ಹುಡುಗಿ, ಕುಳಿತರೆ ಹನ್ನೆರಡರವಳಂತೆ ಕಾಣುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಕೈಯಲ್ಲೊಂದು ಚೀಲ ಹಿಡಿದು ಬಂದಾಗ ಅವಳಿಗೆ ಕುದುರೆ ಓಡಿಸುವುದು ಗೊತ್ತಿತ್ತು, ರೇಸಿನ ಭಾಷೆ ಗೊತ್ತಿರಲಿಲ್ಲ. ಅದನ್ನು ಕಲಿಸಿದವಳು ಲಾಯದಕ್ಕ. ಮಧ್ಯಾಹ್ನ ಕುದುರೆಗಳೆಲ್ಲ ಮಲಗಿದ ಮೇಲೆ ಮೇವಿನ ಕೋಣೆಯ ಮೇಲಿನ ಅವಳ ಮನೆಯಲ್ಲಿ ಪಾಠ ನಡೆಯುತ್ತಿತ್ತು. ಹ್ಯಾಂಡ್ ಅಂದರೆ ಕುದುರೆಯ ಎತ್ತರ ಅಳೆಯುವ ನಾಲ್ಕು ಇಂಚು. ನೆಕ್ ಅಂದರೆ ಕುತ್ತಿಗೆಯಷ್ಟು ಅಂತರದ ಗೆಲುವು, ನೋಸ್ ಅಂದರೆ ಮೂಗಿನಷ್ಟು. ಮೇಡನ್ ಅಂದರೆ ಇಂಗ್ಲಿಷಿನಲ್ಲಿ ಕನ್ಯೆ, ರೇಸಿನಲ್ಲಿ ಇನ್ನೂ ಒಂದು ರೇಸನ್ನೂ ಗೆಲ್ಲದ ಕುದುರೆ. ಇದೆಲ್ಲ ಲಾಯದಕ್ಕನ ಅತ್ತೆಯ ಕಿವಿಗೂ ಬೀಳುತ್ತಿತ್ತು. ಅತ್ತೆ ಜಾಕಿಗಳ ಬಣ್ಣದ ರೇಷ್ಮೆ ಅಂಗಿ ಹೊಲಿಯುವವರು. ನಲವತ್ತು ವರ್ಷದಿಂದ ಅದೇ ಹೊಲಿಗೆ ಯಂತ್ರ, ಅದೇ ಕಿಟಕಿ.

"ಆ ಮೂಲೆ ಲಾಯದ ಕುದುರೆ ಎರಡು ಮರಿ ಹಾಕಿದೆ. ಅದು ಹ್ಯಾಗೆ ಮೇಡನ್ ಆಯ್ತು?" ಅಂತ ಅವರು ಅಲ್ಲಿಂದಲೇ ಕೇಳುತ್ತಿದ್ದರು.

"ಅದು ಗೆದ್ದಿಲ್ಲ ಅತ್ತೆ, ಅದಕ್ಕೆ."

"ಹಾಗಾದ್ರೆ ನಾನೂ ಮೇಡನ್ನೇ ಬಿಡು."

ಚೆನ್ನಾಗಿ ಓಡುವ ಕುದುರೆಯ ಬೆನ್ನಿಗೆ ಹೆಚ್ಚು ಭಾರ ಕಟ್ಟಿ, ಸುಮಾರಾಗಿ ಓಡುವುದಕ್ಕೆ ಕಡಿಮೆ ಭಾರ ಕಟ್ಟಿ ಓಡಿಸುವುದಕ್ಕೆ ಹ್ಯಾಂಡಿಕ್ಯಾಪ್ ಅನ್ನುತ್ತಾರೆ ಅಂತ ಗೊತ್ತಾದ ದಿನವಂತೂ ಅತ್ತೆ ಯಂತ್ರ ನಿಲ್ಲಿಸಿಯೇ ಬಿಟ್ಟಿದ್ದರು. "ಇದಕ್ಕೊಂದು ಹೆಸರು ಬೇರೆ ಇದೆಯಾ? ನಾನು ನಮ್ಮನೇಲಿ ಮಾತ್ರ ಹೀಗೆ ಅಂದ್ಕೊಂಡಿದ್ದೆ!"

ಆ ದಿನಗಳ ನಗು ಈಗ ಪುಟ್ಟಿಯ ಮುಖದಲ್ಲಿ ಇರಲಿಲ್ಲ. "ಅಕ್ಕ, ನಿನ್ನೆ ಆಫೀಸಿನವರು ಕರೆದು ಲೈಸೆನ್ಸ್ ಇಸ್ಕೊಂಡು ಹೇಳಿದ್ರು. ಎಳೆದೆ ಅಂತ ಒಪ್ಕೊಂಡ್ರೆ ಆರು ತಿಂಗಳು ಲೈಸೆನ್ಸ್ ಇರಲ್ಲ. ಒಪ್ಕೊಳ್ದೆ ಹೋಗಿ ಸೋತ್ರೆ ಎರಡು ವರ್ಷ. ಒಪ್ಕೊಂಡು ಬಿಡ್ಲಾ?"

"ಮಾಡಿದ್ಯಾ?"

"ಇಲ್ಲ."

"ಮತ್ತೆ ಏನನ್ನ ಒಪ್ಕೊಳ್ತೀಯ? ಬಾಯಿ ತಪ್ಪಿ ಹೂಂ ಅಂದ್ರೆ ನೋಡು, ಸಿಡುಕಿ ಕಚ್ಚಿದ್ದಕ್ಕಿಂತ ಜೋರಾಗಿ ನಾನು ಕಚ್ಚೋದು." ಲಾಯದಕ್ಕ ಒದ್ದೆ ಬಟ್ಟೆ ಹಿಂಡಿ ಕುದುರೆಯ ಕಾಲಿಗೆ ಸುತ್ತತೊಡಗಿದಳು. "ಎದ್ದೇಳು. ಪೈಪಲ್ಲಿ ತಣ್ಣೀರು ಬಿಡು. ಇಪ್ಪತ್ತು ನಿಮಿಷ. ಅಳೋದಿದ್ರೆ ಆಗಲೇ ಅತ್ಕೋ, ಯಾರಿಗೂ ಗೊತ್ತಾಗಲ್ಲ."

ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ ಅವಳು ಎಲ್ಲವನ್ನೂ ಹೇಳಿದಳು. ಅವನು ಮಾತು ಕಡಿಮೆಯ ಮನುಷ್ಯ. ದಿನವಿಡೀ ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೆಲಸ ಮಾಡುವವನಿಗೆ ಮೊಳೆ ಇಲ್ಲದಾಗಲೂ ಬಾಯಿ ತೆರೆಯುವುದು ಮರೆತುಹೋಗಿದೆ ಅಂತ ಅತ್ತೆ ಹೇಳುವುದಿತ್ತು. ಊಟ ಮುಗಿಸಿ, ಕೈ ತೊಳೆದು, ಅವನು ಮಂಚದ ಕೆಳಗಿನಿಂದ ಒಂದು ತಗಡಿನ ಡಬ್ಬಿ ಎಳೆದ. ಒಳಗೆ ಹಳೆಯ ಲಾಳಗಳು. ಒಂದನ್ನು ತೆಗೆದು ಅವಳ ಮುಂದಿಟ್ಟ.

"ಸಿಡುಕಿದು. ಎಡ ಮುಂಗಾಲು," ಅಂದ. "ಶುಕ್ರವಾರ ತೆಗೆದಿದ್ದು."

ರೇಸಿನ ಹಿಂದಿನ ದಿನ ದಿನಬಳಕೆಯ ಕಬ್ಬಿಣದ ಲಾಳ ತೆಗೆದು ಹಗುರ ಅಲ್ಯೂಮಿನಿಯಂ ಲಾಳ ಹೊಡೆಯುವುದು ಅವನ ಕೆಲಸ. ಆ ಕಬ್ಬಿಣವನ್ನು ಲಾಯದಕ್ಕ ಕಿಟಕಿಯ ಬೆಳಕಿಗೆ ಹಿಡಿದಳು. ಮುಂತುದಿ ಬ್ಲೇಡಿನಂತೆ ಸವೆದಿತ್ತು. ಹಿಂಭಾಗದಲ್ಲಿ ಸುತ್ತಿಗೆಯ ಗುರುತು ಕೂಡ ಹಾಗೇ ಇತ್ತು. ವಾರಗಟ್ಟಲೆ ಕುದುರೆ ಹಿಮ್ಮಡಿ ಊರದೆ ತುದಿಯ ಮೇಲೆ ಓಡಾಡಿದೆ.

"ಇದು ಮೂರು ವಾರದ ಸವೆತ," ಅಂದಳು ಅವಳು. ದನಿ ಬಹಳ ಮೆತ್ತಗಾಗಿತ್ತು. "ಕಾಲು ಬಿಸಿ ಆಗೋಕ್ಕಿಂತ ಮುಂಚೆನೇ ಶುರುವಾಗಿದೆ. ನಿಮಗೆ ಗೊತ್ತಿತ್ತು."

"ಶುಕ್ರವಾರ ಗೊತ್ತಾಯ್ತು."

"ಶನಿವಾರ ಆ ಹುಡುಗಿ ಹತ್ತಿದ್ಲು ಅದರ ಮೇಲೆ. ಬಿದ್ದಿದ್ರೆ?"

ಗಂಡ ಡಬ್ಬಿಯ ಮುಚ್ಚಳ ನೋಡುತ್ತ ಕುಳಿತ. "ಹೇಳಿದ್ರೆ ಏನಾಗ್ತಿತ್ತು? ನಿನ್ನ ಹಲಗೆ ಒರೆಸಿದ ಹಾಗೆ ನನ್ನನ್ನೂ ಒರೆಸಿಬಿಡ್ತಿದ್ದ. ಈ ಮನೆ ಅವನದು. ಕುಲುಮೆ ಅವನದು. ಅಮ್ಮನ್ನ ಕರ್ಕೊಂಡು ಎಲ್ಲಿಗೆ ಹೋಗೋದು?"

"ನನ್ನ ಹೆಸರು ಯಾಕೋ ತರ್ತೀಯ ಮಧ್ಯೆ?" ಅಂದರು ಅತ್ತೆ ಕಿಟಕಿಯಿಂದ. "ನನ್ನ ಯಂತ್ರಕ್ಕೆ ಚಕ್ರ ಇದೆ. ಎಲ್ಲಿಗೆ ಬೇಕಾದ್ರೂ ತಳ್ಕೊಂಡು ಹೋಗ್ತೀನಿ."

ಲಾಯದಕ್ಕ ಲಾಳವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಅವಳಿಗೆ ಕೂಗಾಡಬೇಕು ಅನ್ನಿಸಿತ್ತು. ಆದರೆ ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಗಂಡ ಹಾಗೆ ಕುತ್ತಿಗೆ ತಗ್ಗಿಸಿ ಕುಳಿತದ್ದನ್ನು ನೋಡಿ ಕೂಗಲಿಲ್ಲ. "ನೀವು ಬರೋದು ಬೇಡ. ಲಾಳದ ಮಾತೂ ನಾನು ಎತ್ತಲ್ಲ," ಅಂದಳು. "ನಾನು ಮುಟ್ಟಿ ನೋಡಿದ್ದನ್ನ ನಾನು ಹೇಳ್ತೀನಿ. ಅದನ್ನ ಮಾತ್ರ ತಡೀಬೇಡಿ."

ಅವನು ತಡೆಯಲಿಲ್ಲ. ಎರಡು ದಿನ ಅವರ ನಡುವೆ ಉಪ್ಪು ಕೊಡಿ, ನೀರು ತಗೊಳ್ಳಿ ಅನ್ನುವಷ್ಟೇ ಮಾತು ನಡೆಯಿತು.

ಬುಧವಾರ ಹತ್ತು ಗಂಟೆಗೆ ಜನ ಕೂರುವ ಕಟ್ಟೆಯ ಕೆಳಗಿನ ಉದ್ದ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಗಾಜಿನ ಬೀರುಗಳಲ್ಲಿ ಬೆಳ್ಳಿಯ ಬಟ್ಟಲುಗಳು, ಗೋಡೆಯ ಮೇಲೆ ದೊಡ್ಡ ಟಿವಿ. ಮೇಜಿನ ಆಚೆ ಮೂವರು: ದಾರ ಕಟ್ಟಿದ ಕನ್ನಡಕದ ಹಿರಿಯ ಅಧ್ಯಕ್ಷರು, ತೋಳು ಮಡಿಸಿದ ಪಶುವೈದ್ಯೆ, ನಿಯಮದ ಪುಸ್ತಕ ಹಿಡಿದ ಗುಮಾಸ್ತ. ಈಚೆ ಟ್ರೇನರ್, ಅವನಿಂದ ಎರಡು ಕುರ್ಚಿ ಬಿಟ್ಟು ಪುಟ್ಟಿ. ಲಾಯದಕ್ಕನಿಗೆ ಕುರ್ಚಿ ಇಟ್ಟಿರಲಿಲ್ಲ. ಅವಳು ಗೋಡೆಯ ಬಳಿ ಇದ್ದ ಒಂದನ್ನು ತಾನೇ ಎತ್ತಿ ತಂದು ಪುಟ್ಟಿಯ ಪಕ್ಕಕ್ಕೆ ಹಾಕಿಕೊಂಡು ಕುಳಿತಳು.

ಟ್ರೇನರ್ ಮೊದಲು ಮಾತಾಡಿದ. ಕುದುರೆ ಸೌಂಡ್ ಆಗಿತ್ತು, ಜಾಕಿ ಎಳೆದಳು, ಆ ಜಗ್ಗಾಟದಲ್ಲೇ ಕಾಲಿಗೆ ಪೆಟ್ಟಾಯಿತು. ಮಾತು ಎಣ್ಣೆ ಹಾಕಿದ ಜೀನಿನಂತೆ ನುಣ್ಣಗಿತ್ತು. ಆಮೇಲೆ ಅಧ್ಯಕ್ಷರು ಲಾಯದಕ್ಕನ ಕಡೆ ತಿರುಗಿದರು.

"ರೇಸಿಗೆ ಮುಂಚೆ ಕುದುರೆ ಕುಂಟ್ತಿತ್ತಾ?"

"ಇಲ್ಲ ಸಾರ್."

ಟ್ರೇನರ್ ಕಾಲ ಮೇಲೆ ಕಾಲು ಹಾಕಿಕೊಂಡ.

"ಹಾಗಾದ್ರೆ ಸೌಂಡ್ ಆಗಿತ್ತು ಅನ್ನಿ."

"ಇಲ್ಲ ಸಾರ್."

ಅಧ್ಯಕ್ಷರು ಕನ್ನಡಕ ತೆಗೆದರು. "ಒಂದೋ ಕುಂಟ್ಬೇಕು, ಇಲ್ಲ ಸೌಂಡ್ ಇರ್ಬೇಕು. ಮಧ್ಯೆ ಏನಿದೆ?"

"ಮಧ್ಯೆ ನನ್ನ ಕೆಲಸ ಇದೆ ಸಾರ್."

ಗುಮಾಸ್ತ ತಲೆ ಎತ್ತಿ ನೋಡಿದ. ಲಾಯದಕ್ಕ ಮುಂದುವರಿಸಿದಳು. ಮಾತು ತಡವರಿಸಲಿಲ್ಲ.

"ಮೊದಲು ಕಾಲು ಬಿಸಿ ಆಗುತ್ತೆ. ನಿಂತಾಗ ಆ ಕಾಲನ್ನ ಒಂದಿಷ್ಟು ಮುಂದಿಟ್ಟು ಭಾರ ತಪ್ಪಿಸುತ್ತೆ. ಆಮೇಲೆ ಹೆಜ್ಜೆ ಗಿಡ್ಡ ಆಗುತ್ತೆ. ಆಮೇಲೆ ಓಡುವಾಗ ಕಾಲು ಬದಲಾಯಿಸಲ್ಲ. ಆಮೇಲೆ ತಲೆ ಎಸೆಯುತ್ತೆ. ಕುಂಟೋದು ಎಲ್ಲಕ್ಕಿಂತ ಕೊನೇದು. ಕುಂಟೋದು ನಿಮಗೂ ಕಾಣುತ್ತೆ, ದಾರೀಲಿ ಹೋಗೋರಿಗೂ ಕಾಣುತ್ತೆ. ಅಲ್ಲಿವರೆಗೂ ಕಾಯೋದಾದ್ರೆ ನನ್ನಂಥೋಳಿಗೆ ಸಂಬಳ ಯಾಕೆ ಕೊಡ್ಬೇಕು? ಗುರುವಾರ ಬಿಸಿ ಇತ್ತು. ಹೇಳಿದೆ. ಶುಕ್ರವಾರ ಕಾಲು ಮುಂದಿಟ್ಟಿತ್ತು. ಹೇಳಿದೆ."

"ಸುಳ್ಳು," ಅಂದ ಟ್ರೇನರ್.

"ಒಂದು ನಿಮಿಷ," ಅಂದರು ವೈದ್ಯೆ. "ಅವರು ಮುಗಿಸಲಿ."

ಲಾಯದಕ್ಕ ಗುಮಾಸ್ತನ ಕಡೆ ತಿರುಗಿದಳು. "ಸಾರ್, ಎಳೆಯೋದು ಅಂದ್ರೆ ಆ ಪುಸ್ತಕದಲ್ಲಿ ಏನಂತ ಇದೆ? ಸ್ವಲ್ಪ ಓದ್ತೀರಾ?"

ಗುಮಾಸ್ತ ಅಧ್ಯಕ್ಷರ ಮುಖ ನೋಡಿದ, ಅವರು ತಲೆಯಾಡಿಸಿದರು. "ಗೆಲ್ಲುವ ಅವಕಾಶವಿದ್ದೂ ಕುದುರೆಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದು," ಅಂತ ಓದಿದ.

"ಮೊದಲಿನ ಎರಡು ಮಾತು ಇನ್ನೊಂದು ಸಲ."

"ಗೆಲ್ಲುವ ಅವಕಾಶವಿದ್ದೂ."

"ಇತ್ತಾ ಇಲ್ವಾ ನೋಡೋಣ. ಆ ಟಿವಿ ಹಾಕ್ಸಿ ಸಾರ್. ನಿಧಾನಕ್ಕೆ. ನೀವು ನಾಲ್ಕು ದಿನದಿಂದ ಈ ಹುಡುಗಿ ಕೈನೇ ನೋಡ್ತಿದ್ದೀರಿ. ಈ ಸಲ ಕೈ ಬಿಡಿ. ಕುದುರೆ ತಲೆ ನೋಡಿ."

ಕೋಣೆಯ ಕಿಟಕಿಗಳಿಗೆ ಪರದೆ ಎಳೆದರು. ಟಿವಿಯಲ್ಲಿ ಸಿಡುಕಿ ತಿರುವಿನಿಂದ ಹೊರಬಂತು. ಒಂದೊಂದು ನೆಗೆತವೂ ನೀರಿನೊಳಗೆ ನಡೆದಂತೆ ಮೆಲ್ಲಗೆ. ಎಡಗಾಲು ಚಾಚಿತು. ನೆಲ ಮುಟ್ಟಿದ ಕೂಡಲೇ ತಲೆ ಮೇಲಕ್ಕೆ ಚಿಮ್ಮಿತು. ಬಲಗಾಲಿಗೆ ಮರಳಿತು. ಮತ್ತೊಮ್ಮೆ ತಲೆ ಚಿಮ್ಮಿತು. ಆಗಲೂ ಪುಟ್ಟಿಯ ಕೈ ಕುತ್ತಿಗೆಯ ಮೇಲೆ ಸಡಿಲವಾಗಿಯೇ ಇತ್ತು. ಮೂರನೆಯ ನೆಗೆತಕ್ಕೆ ಅವಳು ಎದ್ದು ಕುಳಿತಳು.

"ಹಿಂದಕ್ಕೆ ಹೋಗಿ," ಅಂದರು ವೈದ್ಯೆ. ನಾಲ್ಕು ಸಲ ಹಿಂದಕ್ಕೆ ಹೋದರು. ನಾಲ್ಕು ಸಲವೂ ತಲೆ ಮೊದಲು, ಕೈ ಆಮೇಲೆ.

"ಇನ್ನೆರಡು ನೆಗೆತ ಓಡಿಸಿದ್ರೆ ಕಾಲು ಮುರೀತಿತ್ತು ಮೇಡಂ," ಅಂದಳು ಪುಟ್ಟಿ. ಅವಳು ಆ ದಿನ ಆಡಿದ ಮೊದಲ ಮಾತು ಅದು. "ನಂಗೆ ತೊಡೆಗೆ ಗೊತ್ತಾಯ್ತು. ನಾನು ಮಾಡಿದ್ದು ಸರಿ. ಇನ್ನೊಂದು ಸಲ ಹಾಗಾದ್ರೂ ಅದನ್ನೇ ಮಾಡ್ತೀನಿ."

ಟ್ರೇನರ್ ಸುಲಭಕ್ಕೆ ಬಿಡುವ ಆಸಾಮಿಯಲ್ಲ. "ಸರಿ, ರೇಸಲ್ಲೇ ಪೆಟ್ಟಾಯ್ತು ಅಂತಿಟ್ಕೊಳ್ಳಿ. ನನ್ನ ತಪ್ಪೇನು? ಮುಂಚೆನೇ ಇತ್ತು ಅನ್ನೋದಕ್ಕೆ ಈ ಹೆಂಗಸಿನ ಬಾಯಿ ಬಿಟ್ರೆ ಏನಿದೆ? ಇವಳ ಗಂಡನನ್ನೇ ಕರೆಸಿ. ಶುಕ್ರವಾರ ಅದೇ ಕಾಲು ಎತ್ತಿ ಲಾಳ ಹೊಡೆದವನು ಅವನು. ಕಾಲು ಸರಿಯಿತ್ತು ಅಂತ ಅವನೇ ಹೇಳ್ತಾನೆ."

ಲಾಯದಕ್ಕ ಎದ್ದು ನಿಂತಳು. "ಅವರು ಬೇಡ ಸಾರ್. ಇದು ನನ್ನ ಮಾತು, ನಾನೇ ನಿಲ್ತೀನಿ."

"ನೋಡಿದ್ರಾ?" ಅಂದ ಟ್ರೇನರ್, ಎರಡೂ ಕೈ ಹರಡಿ. "ಗಂಡನನ್ನ ಕಂಡ್ರೆ ಹೆದರ್ತಾಳೆ."

ಅಧ್ಯಕ್ಷರು ಅವಳ ಗಂಡನಿಗೆ ಹೇಳಿಕಳಿಸಿದರು. ಕಾಲು ಗಂಟೆ ಕಾದರು. ಲಾಯದಕ್ಕ ಬೀರುವಿನ ಬಟ್ಟಲುಗಳನ್ನು ಎಣಿಸಿದಳು, ತಪ್ಪಿದಳು, ಮತ್ತೆ ಎಣಿಸಿದಳು. ಗಂಡ ಬಂದಾಗ ಕೆಲಸಕ್ಕೆ ಕಟ್ಟಿಕೊಳ್ಳುವ ತೊಗಲಿನ ಮುಂಗವಚ ಬಿಚ್ಚಿರಲಿಲ್ಲ. ಸುಟ್ಟ ಗೊರಸಿನ ವಾಸನೆ ಅವನ ಜೊತೆಗೇ ಒಳಗೆ ಬಂತು. ಅವನು ಹೆಂಡತಿಯನ್ನು ನೋಡಲಿಲ್ಲ.

"ಹೆದರ್ಕೋಬೇಡಪ್ಪ," ಅಂದ ಟ್ರೇನರ್ ಅಕ್ಕರೆಯಿಂದ. "ಶುಕ್ರವಾರ ಲಾಳ ಬದಲಾಯಿಸ್ದಾಗ ಕಾಲು ಹೇಗಿತ್ತು? ಇದ್ದಿದ್ದು ಇದ್ದಂಗೆ ಹೇಳು."

ಗಂಡ ಮುಂಗವಚದ ಜೇಬಿಗೆ ಕೈ ಹಾಕಿ ಆ ಲಾಳ ತೆಗೆದು ಮೇಜಿನ ಮೇಲಿಟ್ಟ. ಗಾಜಿನ ಮೇಜು, ಟಣ್ ಅಂದಿತು.

"ಇದು ಹೇಳುತ್ತೆ," ಅಂದ. ಆಮೇಲೆ, ಅದು ಸಾಲದು ಅನ್ನಿಸಿತೇನೋ, ಗಂಟಲು ಸರಿಮಾಡಿಕೊಂಡ. "ಮುಂದೆ ಸವೆದಿದೆ, ಹಿಂದೆ ಸವೆದಿಲ್ಲ. ಕುದುರೆ ಮೂರು ವಾರದಿಂದ ಹಿಮ್ಮಡಿ ಊರಿಲ್ಲ. ಶುಕ್ರವಾರ ನೋಡಿದೆ. ಬಾಯಿ ಮುಚ್ಕೊಂಡಿದ್ದೆ. ಅದು ನನ್ನ ತಪ್ಪು. ಇವಳು ಬಾಯಿ ಮುಚ್ಕೊಂಡಿರ್ಲಿಲ್ಲ. ಹಲಗೆ ಮೇಲೆ ಬರೆದಿದ್ದನ್ನ ನಾನು ಓದಿದೀನಿ. ಎರಡು ಸಲ."

ವೈದ್ಯೆ ಲಾಳವನ್ನು ಬೆಳಕಿಗೆ ಹಿಡಿದರು. ಟ್ರೇನರ್ ಕಾಲ ಮೇಲಿನ ಕಾಲು ಇಳಿಸಿದ. ಲಾಯದಕ್ಕನಿಗೆ ಯಾಕೋ ಕಣ್ಣು ಮಂಜಾಯಿತು; ಅದು ತನ್ನ ಗಂಡ ಒಂದೇ ಉಸಿರಿಗೆ ಆಡಿದ ಅತ್ಯಂತ ಉದ್ದದ ಮಾತು.

ಒಂದು ಗಂಟೆಯ ಬಳಿಕ ತೀರ್ಪು ಓದಿದರು. ಜಾಕಿ ಕುದುರೆಯನ್ನು ಎಳೆದಿಲ್ಲ. ಲೈಸೆನ್ಸು ಅಂದೇ ವಾಪಸ್ಸು. ಟ್ರೇನರಿಗೆ ಆ ಋತುವಿನ ಉಳಿದ ರೇಸುಗಳೆಲ್ಲ ಬಂದ್. ಕುದುರೆಯ ಸ್ಥಿತಿಯ ಬಗ್ಗೆ ಮಾಹಿತಿಯ ಕೊರತೆಯಿಂದ ಈ ಪ್ರಮಾದ ಜರುಗಿದೆ.

"ಸಾರ್," ಅಂತ ಲಾಯದಕ್ಕ ಕೈ ಎತ್ತಿದಳು.

"ಇನ್ನೇನಮ್ಮ? ಮುಗೀತಲ್ಲ."

"ಆ ಕೊನೇ ಸಾಲು. ಕೊರತೆ ಅಂದ್ರೆ ಇರಲಿಲ್ಲ ಅಂತ ಅರ್ಥ. ಮಾಹಿತಿ ಇತ್ತು. ನಾನು ಕೊಟ್ಟಿದ್ದೆ. ಇವತ್ತು ಕೊರತೆ ಅಂತ ಬರೆದ್ರೆ ನಾಳೆ ಅದು ನನ್ನ ಕೊರತೆ ಆಗುತ್ತೆ."

"ಒಂದು ಪದಕ್ಕೋಸ್ಕರ ಇಷ್ಟು..." ಗುಮಾಸ್ತ ಗೊಣಗಿದ.

"ಬೆಳಿಗ್ಗೆಯಿಂದ ನಾವು ಕೂತಿರೋದೇ ಒಂದು ಪದಕ್ಕೋಸ್ಕರ ಅಲ್ವಾ ಸಾರ್?"

ಅಧ್ಯಕ್ಷರು ಅವಳನ್ನು ದಿಟ್ಟಿಸಿ ನೋಡಿದರು. ಅವಳೂ ಕಣ್ಣು ತಗ್ಗಿಸಲಿಲ್ಲ. ಕೊನೆಗೆ ಅವರು ಪೆನ್ನು ತೆಗೆದು ಆ ಸಾಲಿಗೆ ಗೀಟು ಎಳೆದು, ಮೇಲೆ ಬರೆದು, ಜೋರಾಗಿ ಓದಿದರು: "ಕೊಟ್ಟ ಮಾಹಿತಿಯನ್ನು ಕಡೆಗಣಿಸಿದ್ದರಿಂದ."

"ಇದು ಸರಿಯಿದೆ," ಅಂದಳು ಲಾಯದಕ್ಕ.

ಕೆಲಸವಿಲ್ಲ, ಮನೆ ಬಿಡಬೇಕು ಎಂಬ ಟ್ರೇನರಿನ ಚೀಟಿ ಸಂಜೆಯೊಳಗೆ ಬಂತು. ಭಾನುವಾರದವರೆಗೆ ಗಡುವು. ಅವರು ಯಾರೂ ಅದಕ್ಕೆ ಬೆಚ್ಚಲಿಲ್ಲ. ಅತ್ತೆ ರೇಷ್ಮೆಯ ತುಂಡುಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿ ಗಂಟು ಕಟ್ಟಿದರು. ಗಂಡ ಸುತ್ತಿಗೆ, ಇಕ್ಕಳ, ಗೊರಸು ಕತ್ತಿಗಳನ್ನು ಒರೆಸಿ ಮುಂಗವಚದಲ್ಲಿ ಸುತ್ತಿದ. ಲಾಳ ಬಡಿಯುವ ಅಡಿಗಲ್ಲು ಮಾತ್ರ ಟ್ರೇನರಿನದು. ಅದನ್ನು ಬಿಡುವಾಗ ಒಂದು ಸಲ ತಟ್ಟಿದ.

"ಶುಕ್ರವಾರವೇ ಹೇಳ್ಬೇಕಿತ್ತು," ಅಂದ ಹೆಂಡತಿಗೆ.

"ಹೌದು, ಹೇಳ್ಬೇಕಿತ್ತು," ಅಂದಳು ಅವಳು. ಪರವಾಗಿಲ್ಲ ಅನ್ನಲಿಲ್ಲ. ಆದರೆ ಪಾತ್ರೆಯ ಗಂಟಿನ ಇನ್ನೊಂದು ತುದಿ ಹಿಡಿದುಕೊಳ್ಳಿ ಅಂತ ಅವನ ಕಡೆ ಚಾಚಿದಳು.

ಶನಿವಾರ ಸಿಡುಕಿಯನ್ನು ಕರೆದೊಯ್ಯಲು ಲಾರಿ ಬಂತು. ಇನ್ನು ಅದು ಓಡುವುದಿಲ್ಲ, ಮರಿ ಹಾಕಲಿ ಅಂತ ಮಾಲೀಕ ದೂರದ ಹುಲ್ಲುಗಾವಲಿಗೆ ಕಳಿಸುತ್ತಿದ್ದ. ಕೆಲಸ ಹೋದವಳಿಗೆ ಲಾಯದೊಳಗೆ ಪ್ರವೇಶವಿಲ್ಲ ಅಂದ ಕಾವಲುಗಾರನನ್ನು ಲಾಯದಕ್ಕ ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಕಾಲಿನ ಪಟ್ಟಿ ತಾನೇ ಬಿಚ್ಚಿ, ತಾನೇ ಹೊಸದು ಕಟ್ಟಿದಳು. ಲಾರಿಯವನಿಗೆ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಿಸಬೇಕು, ಎಷ್ಟು ಸಲ ನೀರು ತೋರಿಸಬೇಕು ಅಂತ ಬಾಯಿಪಾಠ ಮಾಡಿಸಿದಳು. ಆಮೇಲೆ ಕುದುರೆಯ ಹಣೆಗೆ ಹಣೆ ತಾಗಿಸಿ ನಿಂತಳು. ಸಿಡುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಳ ಎಡ ಭುಜಕ್ಕೆ ಬಾಯಿ ಹಾಕಿ ಚೆನ್ನಾಗಿ ಕಚ್ಚಿತು.

"ಹೋಗು ಮಾರಾಯ್ತಿ, ಅಲ್ಲಿಯವರನ್ನೂ ಹೀಗೇ ನೋಡ್ಕೋ," ಅಂದಳು ಅವಳು, ಭುಜ ಒತ್ತಿಕೊಂಡು, ನಗುತ್ತ, ಕಣ್ಣೊರೆಸಿಕೊಂಡು.

ಆ ವಾರ ಅವಳು ಒಂದೊಂದೇ ಲಾಯದ ಬಾಗಿಲು ತಟ್ಟಿದಳು. ಆರು ಕಡೆ ಇಲ್ಲ ಅಂದರು. ಒಬ್ಬ ಒಳ್ಳೆಯ ಮಾತಿನಲ್ಲಿ ಅಂದ, ಒಬ್ಬ ಕೆಟ್ಟ ಮಾತಿನಲ್ಲಿ ಅಂದ, ಒಬ್ಬ ಟೀ ಕೊಟ್ಟು ಅಂದ. "ನಿನ್ನ ಕೈ ಚೆನ್ನಾಗಿದೆ, ಬಾಯಿ ಚೆನ್ನಾಗಿಲ್ಲ," ಅಂದವನಿಗೆ, "ಎರಡೂ ಒಂದೇ ಮೈಗೆ ಅಂಟ್ಕೊಂಡಿವೆ ಸಾರ್, ಬಿಡಿಯಾಗಿ ಸಿಗಲ್ಲ," ಅಂತ ಹೇಳಿ ಬಂದಳು.

ಏಳನೆಯದು ಮೈದಾನದ ತೀರಾ ಹಿಂದೆ, ಗೊಬ್ಬರದ ಗುಂಡಿಯ ಪಕ್ಕದ ಲಾಯ. ಅಲ್ಲಿಯ ಟ್ರೇನರ್ ವಯಸ್ಸಾದವನು. ಒಂದು ಕಾಲದಲ್ಲಿ ತಾನೂ ಜಾಕಿಯಾಗಿದ್ದು ಬಿದ್ದು ಸೊಂಟ ಮುರಿದುಕೊಂಡವನು. ಇದ್ದದ್ದು ಒಂಬತ್ತು ಕುದುರೆ.

"ಏಳು ಮೇಡನ್," ಅಂದ ಅವನು ಮುಚ್ಚುಮರೆಯಿಲ್ಲದೆ. "ಉಳಿದೆರಡು ಯಾವಾಗಲೋ ಒಂದೊಂದು ಗೆದ್ದಿವೆ, ಅವುಕ್ಕೇ ನೆನಪಿಲ್ಲ. ಇರೋದಾದ್ರೆ ಇರಿ. ಲಾಳ ಹೊಡೆಯೋಕೂ ಜನ ಬೇಕು."

"ಇರ್ತೀವಿ. ಒಂದು ಮಾತಿದೆ," ಅಂದಳು ಲಾಯದಕ್ಕ. "ನಾನು ಕಾಲು ಮುಟ್ಟಿ ಏನು ಹೇಳ್ತೀನೋ ಅದನ್ನ ಪುಸ್ತಕದಲ್ಲಿ ಇಂಕಲ್ಲಿ ಬರೀಬೇಕು. ನನ್ನ ಮಾತಲ್ಲೇ ಬರೀಬೇಕು. ಓಡಿಸೋದು ಬಿಡೋದು ನಿಮ್ಮಿಷ್ಟ. ಆದ್ರೆ ನಾನು ಹೇಳ್ಲಿಲ್ಲ ಅಂತ ಯಾರೂ ಹೇಳ್ಕೂಡ್ದು."

ಮುದುಕ ಸೊಂಟ ಹಿಡಿದುಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದ. ಒಳಗೆ ಹೋಗಿ ಒಂದು ಹಳೆಯ ಪುಸ್ತಕ, ಒಂದು ಪೆನ್ನು ತಂದ. "ಶುರು ಮಾಡು. ಆ ಬೂದು ಕುದುರೆ ಒಂದು ತಿಂಗಳಿಂದ ಸರಿಯಾಗ್ ಓಡ್ತಿಲ್ಲ. ಎಲ್ಲರೂ ಕಾಲು ಕಾಲು ಅಂತಾರೆ."

ಅವಳು ಬೂದು ಕುದುರೆಯ ಬಳಿ ಕುಕ್ಕರಿಸಿದಳು. ನಾಲ್ಕೂ ಕಾಲಿನ ಮೇಲೆ ಕೈಯ ಹಿಂಬದಿ ಆಡಿಸಿದಳು. ಗೊರಸು ಎತ್ತಿ ಮೂಸಿದಳು. ಗಂಡನನ್ನು ಕರೆದು ಲಾಳ ತೋರಿಸಿದಳು. ಹತ್ತು ಹೆಜ್ಜೆ ನಡೆಸಿ ನೋಡಿದಳು, ಹತ್ತು ಹೆಜ್ಜೆ ಓಡಿಸಿ ನೋಡಿದಳು. ಪುಟ್ಟಿ ಅಷ್ಟರಲ್ಲಿ ಸುದ್ದಿ ತಿಳಿದು ಸೈಕಲ್ಲಿನಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಳು.

"ಬರ್ಕೊಳ್ಳಿ," ಅಂದಳು ಲಾಯದಕ್ಕ ಎದ್ದು ಕೈ ಒರೆಸುತ್ತ. "ನಾಲ್ಕೂ ಕಾಲು ತಣ್ಣಗಿವೆ. ಕುದುರೆ ಸೌಂಡ್. ಸೋಮಾರಿ."

"ಸೋಮಾರಿ ಅಂತನೂ ಬರೀಬೇಕಾ?"

"ಇಂಕಲ್ಲೇ ಬರೀರಿ," ಅಂದಳು ಅವಳು. "ಪುಟ್ಟಿ, ಹತ್ತು ಇದರ ಮೇಲೆ."